ಭರಣಿಯೊಳಗಿನ ಎಲೆಕೋಸು: ಹುಳಿಯಾದದ್ದೆಲ್ಲ ಕೆಟ್ಟದ್ದಲ್ಲ

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ‘ಕಿಮ್ಚಿ’ ಎಂಬ ಹೆಸರನ್ನು ನೀವು ಈಗಾಗಲೇ ಕೇಳಿರುತ್ತೀರಿ. ಕೊರಿಯಾದ ಧಾರಾವಾಹಿಗಳಲ್ಲಿ ಊಟದ ಮೇಜಿನ ಮೇಲೆ ತಪ್ಪದೆ ಕಾಣಿಸುವ ಕೆಂಪು ಬಣ್ಣದ ಎಲೆಕೋಸೇ ಅದು.

ಬಸವೇಶ್ವರನಗರದಲ್ಲಿರುವ ನನ್ನ ಗೆಳತಿಯ ಮಗಳು ಒಂದು ಸಂಜೆ ಅದರ ಪುಟ್ಟ ಬಾಟಲಿಯೊಂದನ್ನು ಅಂಗಡಿಯಿಂದ ತಂದಳು. ಮುಚ್ಚಳ ತೆರೆದದ್ದೇ ತಡ, ಒಳಕೋಣೆಯಲ್ಲಿದ್ದ ಅಜ್ಜಿ ಮೂಗಿಗೆ ಸೆರಗು ಹಿಡಿದು ಹೊರಬಂದರು. “ಏನಮ್ಮಾ ಇದು, ಹಳಸಿ ಹುಳಿಯಾಗಿದೆ. ಮೊದಲು ಎಸೆದು ಬಾ” ಎಂದರು. “ಹಳಸಿಲ್ಲ ದಾದಿ, ಇದು ಇರೋದೇ ಹೀಗೆ” ಎಂದಳು ಮೊಮ್ಮಗಳು. ಇಬ್ಬರ ನಡುವೆ ಸಿಕ್ಕಿಕೊಂಡ ಗೆಳತಿ ರಾತ್ರಿ ನನಗೆ ಫೋನ್ ಮಾಡಿದಳು. ಅವಳು ಕೇಳಿದ್ದು ಮೂರು ಪ್ರಶ್ನೆ. ಹುಳಿ ಬಂದ ತರಕಾರಿ ತಿಂದರೆ ಆರೋಗ್ಯ ಕೆಡುವುದಿಲ್ಲವೇ? ಹುದುಗಿಸಿದ ಪದಾರ್ಥ ಎಂದ ಮೇಲೆ ಅದು ಹಲಾಲ್ ಹೌದೇ? ಕಾಲು ಭಾಗ ಎಲೆಕೋಸೂ ಇಲ್ಲದ ಬಾಟಲಿಗೆ ಅಷ್ಟೊಂದು ಹಣ ಕೊಡಬೇಕೇ?

ಈ ಮೂರೂ ಪ್ರಶ್ನೆಗಳು ನಿಮ್ಮವೂ ಆಗಿರಬಹುದು. ಒಂದೊಂದಾಗಿ ನೋಡೋಣ.

ದೋಸೆ ಹಿಟ್ಟಿನ ನೆಂಟ

ಮೂಗು ಮುಚ್ಚಿಕೊಂಡ ಅದೇ ಅಜ್ಜಿ ದಿನವೂ ರಾತ್ರಿ ಮಲಗುವ ಮುನ್ನ ಏನು ಮಾಡುತ್ತಾರೆ ಗೊತ್ತೇ? ಅಕ್ಕಿ, ಉದ್ದು ರುಬ್ಬಿ, ಪಾತ್ರೆಗೆ ಸುರಿದು, ಮುಚ್ಚಿಡುತ್ತಾರೆ. ಬೆಳಿಗ್ಗೆ ಹಿಟ್ಟು ಉಬ್ಬಿ, ಹುಳಿ ವಾಸನೆ ಬಂದಿದ್ದರೆ “ಚೆನ್ನಾಗಿ ಹುದುಗು ಬಂದಿದೆ” ಎಂದು ಖುಷಿಪಡುತ್ತಾರೆ. ಬಾರದಿದ್ದರೆ ಬೇಸರ!

ಹಿಟ್ಟನ್ನು ಉಬ್ಬಿಸುವುದು ಕಣ್ಣಿಗೆ ಕಾಣದ ಜೀವಾಣುಗಳು. ಅವುಗಳಲ್ಲಿ ಮುಖ್ಯವಾದ ಒಂದರ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹೆಸರು ಉದ್ದವಾದರೂ ಈ ಜೀವಾಣು ನಮ್ಮ ಅಡುಗೆಮನೆಗೆ ಹೊಸದಲ್ಲ. ಇಡ್ಲಿ ಹಿಟ್ಟಿನಲ್ಲಿ ಕೆಲಸ ಮಾಡುವ ಈ ಜೀವಾಣುವೇ ಕೊರಿಯಾದ ಕಿಮ್ಚಿಯಲ್ಲೂ, ಜರ್ಮನಿಯ ಹುಳಿ ಎಲೆಕೋಸಿನಲ್ಲೂ ಹುದುಗನ್ನು ಆರಂಭಿಸುತ್ತದೆ. ಎಲೆಯಲ್ಲಿರುವ ಸಕ್ಕರೆಯಂಶವನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹುಳಿ ಹೆಚ್ಚಿದಂತೆ ಅದು ಹಿಂದೆ ಸರಿದು, ಇನ್ನೂ ಹೆಚ್ಚಿನ ಹುಳಿಯನ್ನು ತಾಳಿಕೊಳ್ಳುವ ಬೇರೆ ಜೀವಾಣುಗಳು ಕೆಲಸ ಮುಂದುವರಿಸುತ್ತವೆ.

ಹಾಗಾದರೆ ಹುಳಿಯಾಗುವುದಕ್ಕೂ ಕೊಳೆಯುವುದಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಇರುವುದು ಉಪ್ಪಿನಲ್ಲಿ ಮತ್ತು ಗಾಳಿಯಲ್ಲಿ. ಹೆಚ್ಚಿದ ಎಲೆಕೋಸನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ತಕ್ಕಷ್ಟು ಉಪ್ಪು ಬೆರೆಸಿ, ಅದರದೇ ನೀರಿನಲ್ಲಿ ಮುಳುಗಿಸಿ, ಗಾಳಿ ತಾಗದಂತೆ ಇಟ್ಟರೆ ಕೊಳೆಸುವ ಜೀವಾಣುಗಳಿಗೆ ಅಲ್ಲಿ ಬದುಕುವುದು ಕಷ್ಟ. ಉಪ್ಪನ್ನು ಸಹಿಸುವ ಹುಳಿಯ ಜೀವಾಣುಗಳಿಗೆ ಅದೇ ಹಿತ. ಒಮ್ಮೆ ಹುಳಿ ಸಾಕಷ್ಟು ಏರಿತೆಂದರೆ ಆ ಹುಳಿಯೇ ತರಕಾರಿಯನ್ನು ತಿಂಗಳುಗಟ್ಟಲೆ ಕಾಯುತ್ತದೆ.

ದೇಶ ಹಲವು, ಉಪಾಯ ಒಂದೇ

ಚಳಿಗಾಲದಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿಹೋಗುವ ದೇಶಗಳಲ್ಲಿ ನಾಲ್ಕೈದು ತಿಂಗಳು ಹಸಿರು ತರಕಾರಿಯೇ ಸಿಗದ ಕಾಲವಿತ್ತು. ಶರತ್ಕಾಲದಲ್ಲಿ ಬೆಳೆದ ಎಲೆಕೋಸನ್ನು ವಸಂತದವರೆಗೆ ಕಾಪಾಡುವುದು ಹೇಗೆ ಎಂಬುದೇ ಅಲ್ಲಿನ ತಾಯಂದಿರ ಚಿಂತೆ. ಬೇರೆ ಬೇರೆ ದೇಶದವರು ಕಂಡುಕೊಂಡ ಉತ್ತರ ಹೆಚ್ಚುಕಡಿಮೆ ಒಂದೇ. ರುಚಿ ಮಾತ್ರ ಬೇರೆ.

ಜರ್ಮನಿಯ ‘ಸೌರ್‌ಕ್ರೌಟ್’ ಎಲ್ಲಕ್ಕಿಂತ ಸರಳ. ಆ ಹೆಸರಿನ ಅರ್ಥವೇ ಹುಳಿ ಕೋಸು. ತೆಳ್ಳಗೆ ಹೆಚ್ಚಿದ ಎಲೆಕೋಸು, ಉಪ್ಪು, ಬೇಕಿದ್ದರೆ ಜೀರಿಗೆಯಂತೆ ಕಾಣುವ ಒಂದು ಬಗೆಯ ಕಾಳು. ಅಷ್ಟೇ. ಖಾರವಿಲ್ಲ, ಎಣ್ಣೆಯಿಲ್ಲ. ರಷ್ಯಾ, ಪೋಲೆಂಡ್‌ಗಳಲ್ಲಿ ಇದಕ್ಕೆ ಕ್ಯಾರೆಟ್ ತುರಿಯನ್ನೂ ಕೆಲವೆಡೆ ಸೇಬಿನ ಹೋಳುಗಳನ್ನೂ ಸೇರಿಸುತ್ತಾರೆ.

ಕೊರಿಯಾದವರದು ಖಾರದ ದಾರಿ. ಉದ್ದನೆಯ ಚೈನೀಸ್ ಕ್ಯಾಬೇಜನ್ನು ಸೀಳಿ, ಉಪ್ಪಿನಲ್ಲಿ ಬಾಡಿಸಿ, ತೊಳೆದು, ಒಂದೊಂದು ಎಲೆಯ ನಡುವೆಯೂ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿ, ಉಪ್ಪಿನಲ್ಲಿಟ್ಟ ಸೀಗಡಿ ಅಥವಾ ಮೀನಿನ ರಸ ಬೆರೆಸಿದ ಮಸಾಲೆ ಹಚ್ಚುತ್ತಾರೆ. ಈ ಕೆಂಪು ಬಣ್ಣ ಬಹಳ ಹಳೆಯದೇನಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 16ನೇ ಶತಮಾನದ ನಂತರವೇ ಅದು ಕೊರಿಯಾ ಮುಟ್ಟಿದ್ದು. ನಮ್ಮ ನಾಡಿಗೂ ಅದು ಪೋರ್ಚುಗೀಸರ ಕಾಲದಲ್ಲಿ ಬಂದ ಅತಿಥಿಯೇ. ಅದಕ್ಕೂ ಮುಂಚೆ ಅಲ್ಲಿನ ಕಿಮ್ಚಿ ಬಿಳಿಯಾಗಿತ್ತು, ಇಲ್ಲಿನ ಸಾರು ಕಾಳುಮೆಣಸಿನದಾಗಿತ್ತು.

ಚಳಿಗಾಲಕ್ಕೆ ಮುನ್ನ ಮನೆಮಂದಿ, ನೆರೆಹೊರೆಯವರು ಒಟ್ಟಾಗಿ ಕುಳಿತು ರಾಶಿಗಟ್ಟಲೆ ಕಿಮ್ಚಿ ಮಾಡಿ ಹಂಚಿಕೊಳ್ಳುವ ಪದ್ಧತಿಗೆ ಕೊರಿಯಾದಲ್ಲಿ ‘ಕಿಮ್ಜಾಂಗ್’ ಎನ್ನುತ್ತಾರೆ. 2013ರಲ್ಲಿ ಯುನೆಸ್ಕೋ ದಕ್ಷಿಣ ಕೊರಿಯಾದ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಉತ್ತರ ಕೊರಿಯಾದ ಪದ್ಧತಿಯೂ ಸೇರಿತು. ಗಡಿಯಲ್ಲಿ ಬಂದೂಕು ಹಿಡಿದು ನಿಂತಿರುವ ಎರಡು ದೇಶಗಳ ಅಡುಗೆಮನೆಯಲ್ಲಿ ಭರಣಿ ಮಾತ್ರ ಒಂದೇ!

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ‘ಪಾವ್‌ಕಾಯ್’ ಮಾಡುತ್ತಾರೆ. ಅದರ ಭರಣಿಯ ಬಾಯಿಯ ಸುತ್ತ ನೀರು ನಿಲ್ಲುವ ಅಂಚಿರುತ್ತದೆ. ಮುಚ್ಚಳ ಆ ನೀರಿನಲ್ಲಿ ಕುಳಿತಿರುವುದರಿಂದ ಒಳಗಿನ ಅನಿಲ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗದು. ಒಮ್ಮೆ ಮಾಡಿದ ಉಪ್ಪುನೀರನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಅದಕ್ಕೇ ಹೊಸ ತರಕಾರಿ ಹಾಕುತ್ತಾರೆ. ನಾವು ಹೆಪ್ಪಿಗೆಂದು ಒಂದು ಚಮಚ ಮೊಸರು ಉಳಿಸುವುದಿಲ್ಲವೇ, ಹಾಗೆಯೇ.

ಬೋಸ್ನಿಯಾದ ಮುಸ್ಲಿಮ್ ಮನೆಗಳಲ್ಲಿ ಎಲೆಕೋಸನ್ನು ಹೆಚ್ಚುವುದಿಲ್ಲ. ಇಡೀ ಕೋಸನ್ನೇ ಪೀಪಾಯಿಯ ಉಪ್ಪುನೀರಿನಲ್ಲಿ ಮುಳುಗಿಸಿ ಹುಳಿ ಬರಿಸುತ್ತಾರೆ. ಚಳಿಗಾಲದಲ್ಲಿ ಅದರ ಎಲೆ ಬಿಡಿಸಿ, ಒಳಗೆ ಖೀಮಾ ಮತ್ತು ಅಕ್ಕಿ ಇಟ್ಟು ಸುತ್ತಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ‘ಸರ್ಮ’ ಸಿದ್ಧ. ಸರ್ಮ ಎಂದರೆ ಟರ್ಕಿ ಭಾಷೆಯಲ್ಲಿ ಸುತ್ತಿದ್ದು ಎಂದರ್ಥ. ಟರ್ಕಿಯಲ್ಲಿ ಹುಳಿ ತರಕಾರಿಗೆ ‘ತುರ್ಶು’ ಎನ್ನುತ್ತಾರೆ. ಪದ ಪರಿಚಿತ ಅನಿಸಿತೇ? ಉರ್ದುವಿನಲ್ಲಿ ಹುಳಿಗೆ ‘ತುರ್ಶ್’ ಎನ್ನುತ್ತೇವಲ್ಲ, ಎರಡಕ್ಕೂ ಪಾರಸಿಯೇ ಮೂಲ. ತುರ್ಶು ಬೇಗ ಹುದುಗಲೆಂದು ಅಲ್ಲಿನವರು ಭರಣಿಗೆ ನಾಲ್ಕು ಕಡಲೆಕಾಳು ಹಾಕುತ್ತಾರೆ. ನಾವು ದೋಸೆ ಹಿಟ್ಟಿಗೆ ಮೆಂತ್ಯ ಹಾಕಿದಂತೆ!

ನೇಪಾಳದ ‘ಗುಂದ್ರುಕ್’ ಇವೆಲ್ಲಕ್ಕಿಂತ ಭಿನ್ನ. ಅದಕ್ಕೆ ಉಪ್ಪೇ ಬೇಡ. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪು, ಹೂಕೋಸಿನ ಎಲೆಗಳನ್ನು ಬಾಡಿಸಿ, ಜಜ್ಜಿ, ಮಡಕೆಯಲ್ಲಿ ಒತ್ತಿ ತುಂಬಿ, ಹುಳಿ ಬಂದ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಬೇಕೆಂದಾಗ ಸಾರು ಮಾಡಿ ಅನ್ನದೊಂದಿಗೆ ಉಣ್ಣುತ್ತಾರೆ. ರಾಜಾಜಿನಗರ, ವಿಜಯನಗರದ ಎಷ್ಟೋ ಕಟ್ಟಡಗಳಲ್ಲಿ ಕಾವಲು ಕೆಲಸ ಮಾಡುವ ನೇಪಾಳಿ ಕುಟುಂಬಗಳಿವೆ. ಒಮ್ಮೆ ಗುಂದ್ರುಕ್ ಬಗ್ಗೆ ವಿಚಾರಿಸಿ ನೋಡಿ, ಅವರ ಮುಖ ಅರಳುತ್ತದೆ. ನಾವು ತಿಪ್ಪೆಗೆಸೆಯುವ ಹೂಕೋಸಿನ ಎಲೆ ಅವರ ಊರಿನಲ್ಲಿ ಚಳಿಗಾಲದ ಪಲ್ಯ.

ನಾವಿಕರಿಗೆ ಎಲೆಕೋಸು ತಿನ್ನಿಸಿದ್ದು ಹೇಗೆ?

18ನೇ ಶತಮಾನದಲ್ಲಿ ಹಡಗಿನಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ನಾವಿಕರು ಸ್ಕರ್ವಿ ಎಂಬ ರೋಗದಿಂದ ಸಾಯುತ್ತಿದ್ದರು. ಒಸಡಿನಲ್ಲಿ ರಕ್ತ, ಕೀಲುಗಳಲ್ಲಿ ನೋವು, ಕೊನೆಗೆ ಮರಣ. ವಿಟಮಿನ್ ಸಿ ಕೊರತೆಯೇ ಕಾರಣವೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1768ರಲ್ಲಿ ಇಂಗ್ಲೆಂಡಿನಿಂದ ಹೊರಟ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ‘ಎಂಡೆವರ್’ ಹಡಗಿಗೆ ಸಾವಿರಾರು ಪೌಂಡ್ ಹುಳಿ ಎಲೆಕೋಸು ತುಂಬಿಸಿಕೊಂಡಿದ್ದ. ಆದರೆ ನಾವಿಕರು ಅದನ್ನು ಮುಟ್ಟಲೊಲ್ಲರು.

ಕುಕ್ ಬೈಯಲಿಲ್ಲ. ಪ್ರತಿದಿನ ಅಧಿಕಾರಿಗಳ ಊಟದ ಮೇಜಿಗೆ ಮಾತ್ರ ಅದನ್ನು ಬಡಿಸಲು ಹೇಳಿದ. ಉಳಿದವರಿಗೆ, ಬೇಕಾದರೆ ತಿನ್ನಿ, ಬೇಡವಾದರೆ ಬಿಡಿ ಎಂದ. ದೊಡ್ಡವರು ಇಷ್ಟಪಟ್ಟು ತಿನ್ನುವುದನ್ನು ಕಂಡ ನಾವಿಕರು ತಮಗೂ ಬೇಕೆಂದರು. ಒಂದು ವಾರ ಕಳೆಯುವುದರೊಳಗೆ ಪಾಲು ಗೊತ್ತುಮಾಡಬೇಕಾಯಿತು! ಸಿಕ್ಕಲ್ಲೆಲ್ಲ ತಾಜಾ ಸೊಪ್ಪನ್ನೂ ಅವನು ತಿನ್ನಿಸುತ್ತಿದ್ದ. ನಾವಿಕರ ಆರೋಗ್ಯ ಕಾಪಾಡಿದ ಬಗೆಯನ್ನು ವಿವರಿಸಿದ್ದಕ್ಕಾಗಿ 1776ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿತು. ತಟ್ಟೆಯಲ್ಲಿ ತರಕಾರಿ ಉಳಿಸುವ ಮಕ್ಕಳ ತಾಯಂದಿರು ಈ ಉಪಾಯವನ್ನು ನೆನಪಿಡಬಹುದು.

ಎಲೆಕೋಸಿಗೂ ಜಗಳವೇ?

ಪಾಪದ ಈ ತರಕಾರಿಯ ಹೆಸರಿನಲ್ಲೂ ಮನುಷ್ಯರು ಜಗಳವಾಡಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದವರು ಜರ್ಮನ್ ಹೆಸರು ಬೇಡವೆಂದು ಸೌರ್‌ಕ್ರೌಟನ್ನು ‘ಲಿಬರ್ಟಿ ಕ್ಯಾಬೇಜ್’, ಅಂದರೆ ಸ್ವಾತಂತ್ರ್ಯದ ಎಲೆಕೋಸು ಎಂದು ಕರೆದರು. ತಿನ್ನುವುದನ್ನು ಬಿಡಲಿಲ್ಲ! 2020ರಲ್ಲಿ ಚೀನಾದ ಪಾವ್‌ಕಾಯ್‌ಗೆ ಅಂತಾರಾಷ್ಟ್ರೀಯ ಗುಣಮಟ್ಟ ಸಂಸ್ಥೆಯ ಮಾನದಂಡ ಸಿಕ್ಕಾಗ, ಕಿಮ್ಚಿಯೂ ತಮ್ಮದೇ ಎಂದು ಚೀನಾದವರು, ಸುಳ್ಳೆಂದು ಕೊರಿಯಾದವರು ವಾದಕ್ಕಿಳಿದರು. ಕಿಮ್ಚಿಗೆ 2001ರಲ್ಲೇ ‘ಕೋಡೆಕ್ಸ್’ ಆಹಾರ ಮಾನದಂಡ ಪ್ರತ್ಯೇಕವಾಗಿ ಸಿಕ್ಕಿತ್ತು.

ನಮ್ಮಲ್ಲಿ ಇಲ್ಲವೇ?

ಬೆಂಗಳೂರಿನಲ್ಲಿ ವರ್ಷವಿಡೀ ತರಕಾರಿ ಬೆಳೆಯುತ್ತದೆ. ಆದ್ದರಿಂದ ಎಲೆಕೋಸನ್ನು ಕೂಡಿಡುವ ಅಗತ್ಯ ನಮಗೆ ಬರಲಿಲ್ಲ. ಆದರೆ ಕರಾವಳಿಯಲ್ಲಿ ಎಡೆಬಿಡದೆ ಸುರಿಯುವ ಮಳೆಗಾಲವೇ ಒಂದು ಬಗೆಯ ಚಳಿಗಾಲ. ಅಲ್ಲಿಯವರು ಬೇಸಿಗೆಯಲ್ಲೇ ಹಲಸಿನ ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಡುತ್ತಾರೆ. ಆಟಿ ತಿಂಗಳಲ್ಲಿ ಸೊಳೆಯನ್ನು ತೊಳೆದು ಪಲ್ಯ ಮಾಡುತ್ತಾರೆ. ಮಲೆನಾಡಿನಲ್ಲಿ ಮಾವಿನ ಮಿಡಿ ಮೊದಲು ಮುಳುಗುವುದು ಉಪ್ಪಿನಲ್ಲೇ. ನಿಮ್ಮ ತವರು ಮಂಗಳೂರೋ ಉಡುಪಿಯೋ ಆಗಿದ್ದರೆ ಈ ವಿದ್ಯೆ ನಿಮ್ಮ ತಾಯಿಯ ಕೈಯಲ್ಲೇ ಇದೆ. ತರಕಾರಿ ಬದಲಾಯಿಸಿದರೆ ಸಾಕು.

ಹಲಾಲ್ ಹೌದೇ?

ಹುದುಗು ಎಂದೊಡನೆ ಮದ್ಯ ನೆನಪಾಗಿ ಅನುಮಾನ ಬರುವುದು ಸಹಜ. ಮದ್ಯದಲ್ಲಿ ಯೀಸ್ಟ್ ಎಂಬ ಜೀವಾಣು ಸಕ್ಕರೆಯನ್ನು ಅಮಲಿನ ಪದಾರ್ಥವಾಗಿ ಮಾರ್ಪಡಿಸುತ್ತದೆ. ಎಲೆಕೋಸಿನಲ್ಲಿ ಉಂಟಾಗುವುದು ಮುಖ್ಯವಾಗಿ ಮೊಸರಿನಲ್ಲಿರುವ ಅದೇ ಲ್ಯಾಕ್ಟಿಕ್ ಆಮ್ಲ. ಹುದುಗಿದ ಹಿಟ್ಟಿನಲ್ಲಿ, ಬ್ರೆಡ್ಡಿನಲ್ಲಿ ಇರುವಂತೆ ಲೇಶಮಾತ್ರ ಆಲ್ಕೋಹಾಲ್ ಇದರಲ್ಲೂ ಉಂಟಾಗಬಹುದು. ಆದರೆ ಎಷ್ಟು ತಿಂದರೂ ಅದು ಅಮಲೇರಿಸದು. ಹುಳಿಯಾಗುವುದು ನಿಷಿದ್ಧವಲ್ಲ, ಅಮಲೇರಿಸುವುದು ನಿಷಿದ್ಧ. ಸಿರ್ಕಾವನ್ನು ಪ್ರವಾದಿವರ್ಯರು(ಸ) ಉತ್ತಮ ವ್ಯಂಜನವೆಂದು ಮೆಚ್ಚಿದ್ದನ್ನು ಹದೀಸ್‌ಗಳಲ್ಲಿ ನಾವು ಓದಿದ್ದೇವೆ.

ಎಚ್ಚರ ಬೇಕಾದುದು ಎಲೆಕೋಸಿನ ಬಗ್ಗೆ ಅಲ್ಲ, ಅದರ ಜೊತೆ ಬಾಟಲಿಗೆ ಸೇರಿದವುಗಳ ಬಗ್ಗೆ. ಜರ್ಮನಿಯಲ್ಲಿ ಬಿಳಿ ವೈನ್ ಸೇರಿಸಿದ ಸೌರ್‌ಕ್ರೌಟ್ ಕೂಡಾ ಉಂಟು. ಹೊರದೇಶದ ಹೋಟೆಲುಗಳಲ್ಲಿ ಅದನ್ನು ಹಂದಿಮಾಂಸದ ಜೊತೆ ಬೇಯಿಸುವುದು ಸಾಮಾನ್ಯ. ಕೊರಿಯಾದ ಕೆಲವು ಮಸಾಲೆ ಪೇಸ್ಟ್‌ಗಳಿಗೆ ಕೆಡದಿರಲೆಂದು ಆಲ್ಕೋಹಾಲ್ ಸೇರಿಸುತ್ತಾರೆ. ಹಸಿರು ಚುಕ್ಕೆ ಇದೆಯೆಂದು ನೆಮ್ಮದಿಯಿಂದಿರಬೇಡಿ. ಆ ಚುಕ್ಕೆ ಮಾಂಸ, ಮೀನು, ಮೊಟ್ಟೆ ಇಲ್ಲವೆಂದು ಹೇಳುತ್ತದೆಯೇ ಹೊರತು ಆಲ್ಕೋಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ಹಿಂಬದಿಯ ಸಣ್ಣಕ್ಷರಗಳನ್ನು ಓದಲೇಬೇಕು. ಇನ್ನು ಸೀಗಡಿಯ ವಿಷಯ. ಕರಾವಳಿಯ ಶಾಫಿಈ ಮನೆಗಳಲ್ಲಿ ಅದಕ್ಕೆ ತಕರಾರಿಲ್ಲ. ಹನಫಿ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಸಂಶಯವಿದ್ದರೆ ನೀವು ನಂಬುವ ವಿದ್ವಾಂಸರನ್ನು ಕೇಳಿ. ಮನೆಯಲ್ಲೇ ಮಾಡಿದರೆ ಈ ಯಾವ ಗೊಂದಲವೂ ಇಲ್ಲ.

ಮನೆಯಲ್ಲೇ ಮಾಡಿ: ಸಾದಾ ಹುಳಿ ಕೋಸು

ಬೇಕಾಗುವ ಸಾಮಗ್ರಿ: ಹೆಚ್ಚಿದ ಎಲೆಕೋಸು 1 ಕಿಲೋ, ಪುಡಿ ಉಪ್ಪು ಮಟ್ಟಸವಾಗಿ 4 ಟೀ ಚಮಚ (20ರಿಂದ 25 ಗ್ರಾಂ), ಜೀರಿಗೆ 1 ಟೀ ಚಮಚ.

ವಿಧಾನ: ಎಲೆಕೋಸನ್ನು ಹೆಚ್ಚುವ ಮೊದಲೇ ತೊಳೆದು ಒಣಗಿಸಿ. ಒಂದು ದೊಡ್ಡ ಹೊರ ಎಲೆಯನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಎಳೆ ಎಳೆಯಾಗಿ ಹೆಚ್ಚಿ. ಉಪ್ಪು ಬೆರೆಸಿ ಹತ್ತು ನಿಮಿಷ ಚೆನ್ನಾಗಿ ಹಿಸುಕಿ. ನೀರು ಬಿಡುತ್ತದೆ. ಜೀರಿಗೆ ಸೇರಿಸಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಗೆ ಒತ್ತಿ ಒತ್ತಿ ತುಂಬಿ. ಎತ್ತಿಟ್ಟ ಎಲೆಯನ್ನು ಮೇಲೆ ಹೊದಿಸಿ, ನೀರು ತುಂಬಿದ ಪುಟ್ಟ ಗಾಜಿನ ಬಾಟಲಿಯನ್ನು ಭಾರಕ್ಕಿಡಿ. ಎಲೆಕೋಸು ನೀರಿನಲ್ಲಿ ಪೂರ್ತಿ ಮುಳುಗಿರಬೇಕು. ನೀರು ಸಾಲದಿದ್ದರೆ ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ ಸುರಿಯಿರಿ. ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಕೆಳಗೊಂದು ತಟ್ಟೆ ಇಡಿ. ಬೆಂಗಳೂರಿನ ಬೇಸಿಗೆಯಲ್ಲಿ ಐದಾರು ದಿನ, ಡಿಸೆಂಬರ್‌ನಲ್ಲಿ ಹತ್ತು ದಿನ ಬೇಕಾಗಬಹುದು. ಹುಳಿ ಹಿತವೆನಿಸಿದಾಗ ಮುಚ್ಚಿ ಫ್ರಿಜ್‌ನಲ್ಲಿಡಿ.

ಮನೆಯ ಕಿಮ್ಚಿ

ಬೇಕಾಗುವ ಸಾಮಗ್ರಿ: ಎಲೆಕೋಸು ಅಥವಾ ಚೈನೀಸ್ ಕ್ಯಾಬೇಜ್ 1 ಕಿಲೋ, ಕಲ್ಲುಪ್ಪು ಕಾಲು ಕಪ್, ಬ್ಯಾಡಗಿ ಮೆಣಸಿನ ಪುಡಿ 4 ದೊಡ್ಡ ಚಮಚ, ಬೆಳ್ಳುಳ್ಳಿ 8 ಎಸಳು, ಶುಂಠಿ 1 ಇಂಚು, ಮೂಲಂಗಿ 1, ಈರುಳ್ಳಿ ಸೊಪ್ಪು 1 ಹಿಡಿ, ಸಕ್ಕರೆ 1 ಟೀ ಚಮಚ, ಅಕ್ಕಿ ಹಿಟ್ಟು 1 ದೊಡ್ಡ ಚಮಚ.

ವಿಧಾನ: ಎಲೆಕೋಸನ್ನು ದೊಡ್ಡ ತುಂಡು ಮಾಡಿ ಕಲ್ಲುಪ್ಪು ಬೆರೆಸಿ ಎರಡು ಗಂಟೆ ಬಿಡಿ. ಬಾಗಿಸಿದರೆ ಮುರಿಯದಷ್ಟು ಮೆತ್ತಗಾದಾಗ ಎರಡು ಬಾರಿ ತೊಳೆದು ನೀರು ಬಸಿಯಿರಿ. ಅಕ್ಕಿ ಹಿಟ್ಟನ್ನು ಒಂದು ಕಪ್ ನೀರಿನಲ್ಲಿ ಗಂಜಿಯಂತೆ ಕಾಯಿಸಿ ಆರಿಸಿ. ಅದಕ್ಕೆ ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಸಕ್ಕರೆ ಕಲಸಿ. ಮೂಲಂಗಿ ಎಳೆ, ಈರುಳ್ಳಿ ಸೊಪ್ಪು, ಎಲೆಕೋಸು ಸೇರಿಸಿ. ರುಚಿ ನೋಡಿ, ಸಪ್ಪೆಯೆನಿಸಿದರೆ ಸ್ವಲ್ಪ ಉಪ್ಪು ಹಾಕಿ. ಭರಣಿಗೆ ಒತ್ತಿ ತುಂಬಿ, ಮೇಲೆ ಮೂರು ಬೆರಳು ಜಾಗ ಬಿಡಿ. ಮುಚ್ಚಳ ಸಡಿಲವಾಗಿರಲಿ. ಒಂದೆರಡು ದಿನ ಹೊರಗಿಟ್ಟು ನಂತರ ಫ್ರಿಜ್‌ನಲ್ಲಿಡಿ. ಕೊರಿಯಾದ ಮೆಣಸಿನ ಪುಡಿಗೆ ದುಬಾರಿ ಹಣ ತೆರಬೇಕಾಗಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯೇ ಇದಕ್ಕೆ ಹೇಳಿ ಮಾಡಿಸಿದಂತಿದೆ.

ನಾನು ಮಾಡಿದ ತಪ್ಪುಗಳು

ಕೆಂಗೇರಿಯ ನಮ್ಮ ಮನೆಯಲ್ಲಿ ಮೊದಲ ಬಾರಿ ಮಾಡಿದಾಗ, ಉಪ್ಪಿನಕಾಯಿಯಂತೆ ಭರಣಿಯನ್ನು ಕಂಠಪೂರ್ತಿ ತುಂಬಿ ಬಿಗಿಯಾಗಿ ಮುಚ್ಚಿದ್ದೆ. ಮೂರನೆಯ ದಿನ ಅನಿಲದ ಒತ್ತಡಕ್ಕೆ ಹುಳಿ ನೀರು ಉಕ್ಕಿ, ಕಪಾಟಿನಿಂದಿಳಿದು ಅಕ್ಕಿ ಡಬ್ಬದವರೆಗೆ ಹರಿದಿತ್ತು. ಎರಡನೆಯ ಬಾರಿ ಭಾರ ಇಡಲು ಮರೆತೆ. ಮೇಲೆ ತೇಲಿದ ಎಲೆಗಳಿಗೆ ಕಪ್ಪು ಬೂಷ್ಟು ಹಿಡಿದು ಪೂರ್ತಿ ಎಸೆಯಬೇಕಾಯಿತು. ಮೂರನೆಯ ಬಾರಿ ಸರಿಯಾಯಿತು.

ಬಿಳಿ ತೆಳುಪೊರೆ ಕಟ್ಟಿದರೆ ತೆಗೆದುಬಿಡಿ, ಅದು ಅಪಾಯಕಾರಿಯಲ್ಲ. ಆದರೆ ಕಪ್ಪು, ಹಸಿರು, ಕೆಂಪು ಬೂಷ್ಟು ಬಂದರೆ, ಲೋಳೆಯಾದರೆ, ಕೊಳೆತ ವಾಸನೆ ಬಂದರೆ ಜಿಪುಣತನ ಮಾಡದೆ ಇಡೀ ಭರಣಿಯನ್ನೇ ಖಾಲಿ ಮಾಡಿ. ಒದ್ದೆ ಚಮಚ, ಎಂಜಲು ಚಮಚ ಹಾಕಬೇಡಿ. ಉಪ್ಪು ಕಡಿಮೆಯಾಗಲೆಂದು ಅಳತೆಯನ್ನು ಕಡಿತ ಮಾಡಬೇಡಿ. ತಿನ್ನುವ ಪ್ರಮಾಣವನ್ನು ಕಡಿಮೆ ಮಾಡಿ.

ಎಷ್ಟು ತಿನ್ನಬಹುದು? ಯಾರಿಗೆ ಬೇಡ?

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ 36 ಮಂದಿಯ ಮೇಲೆ ನಡೆಸಿದ ಹತ್ತು ವಾರಗಳ ಅಧ್ಯಯನವನ್ನು ಪ್ರಕಟಿಸಿದರು. ಮೊಸರು, ಕಿಮ್ಚಿಯಂಥ ಹುದುಗಿದ ಆಹಾರ ಹೆಚ್ಚಾಗಿ ತಿಂದವರ ಕರುಳಿನಲ್ಲಿ ಜೀವಾಣುಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ತಗ್ಗಿದವು. ಒಳ್ಳೆಯ ಸುದ್ದಿಯೇ. ಆದರೆ ಇದು ಚಿಕ್ಕ ಅಧ್ಯಯನ. ಕಿಮ್ಚಿ ಸಕ್ಕರೆ ಕಾಯಿಲೆಗೂ ಕ್ಯಾನ್ಸರಿಗೂ ಮದ್ದು ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ನಂಬಬೇಡಿ.

ಇನ್ನೊಂದು ಮುಖವೂ ಇದೆ. ಏಷ್ಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1993ರಲ್ಲಿ ‘ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇರಬಹುದಾದವು’ ಎಂಬ ಗುಂಪಿಗೆ ಸೇರಿಸಿದೆ. ಹೆದರಬೇಕಾಗಿಲ್ಲ, ಆದರೆ ಪಲ್ಯದಂತೆ ಬಟ್ಟಲು ತುಂಬ ತಿನ್ನುವ ವಸ್ತುವೂ ಇದಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲಿನ ಅಳತೆಯ ಹುಳಿ ಕೋಸು 50 ಗ್ರಾಂ ತಿಂದರೆ ಒಂದು ಗ್ರಾಂಗಿಂತ ತುಸು ಹೆಚ್ಚು ಉಪ್ಪು ಹೊಟ್ಟೆ ಸೇರುತ್ತದೆ. ಅಂದು ಉಪ್ಪಿನಕಾಯಿ, ಹಪ್ಪಳ ಬಿಟ್ಟುಬಿಡಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಲು ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿದ ಮೇಲೆಯೇ ತಿನ್ನಿ. ಬೇಯಿಸಿದರೆ ಜೀವಾಣುಗಳು ಸಾಯುತ್ತವೆ, ರುಚಿ ಮಾತ್ರ ಉಳಿಯುತ್ತದೆ.

ಬೆಲೆ ಬಿದ್ದಾಗ ನೆನಪಿಸಿಕೊಳ್ಳಿ

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೈತರು ಬೆಳೆದ ಎಲೆಕೋಸಿಗೆ ಕೆಲವು ವಾರ ಒಳ್ಳೆಯ ಬೆಲೆ, ಕೆಲವು ವಾರ ಬೆಲೆ ನೆಲ ಕಚ್ಚುತ್ತದೆ. ಕೊಯ್ದ ಕೂಲಿಯೂ ಹುಟ್ಟದೆ ಹೊಲದಲ್ಲೇ ಉತ್ತುಬಿಟ್ಟ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. 2020ರ ಲಾಕ್‌ಡೌನ್‌ನಲ್ಲಂತೂ ಕೊಳ್ಳುವವರೇ ಇರಲಿಲ್ಲ. ವಿಜಯನಗರದ ಸಂಜೆ ಮಾರುಕಟ್ಟೆಯಲ್ಲೋ ನಿಮ್ಮ ಬೀದಿಗೆ ಬರುವ ತಳ್ಳುಗಾಡಿಯಲ್ಲೋ ಎಲೆಕೋಸು ಅಗ್ಗವಾದ ದಿನ “ನಿನ್ನೆಯೂ ಇದೇ ಪಲ್ಯ” ಎಂದು ಮುಖ ತಿರುಗಿಸಬೇಡಿ. ಎರಡು ಹೆಚ್ಚಿಗೆ ತನ್ನಿ. ಒಂದು ಹಿಡಿ ಉಪ್ಪು, ಒಂದು ಭರಣಿ, ಅರ್ಧ ಗಂಟೆ ಕೆಲಸ. ಮಗಳು ಕೇಳಿದ್ದೂ ಆಯಿತು, ದುಬಾರಿ ಬಾಟಲಿಯ ಹಣವೂ ಉಳಿಯಿತು.

ಮಾಡಿದ ಮೇಲೆ ಒಂದು ಸಣ್ಣ ಡಬ್ಬ ಪಕ್ಕದ ಮನೆಗೂ ಹೋಗಲಿ. ಕೊರಿಯಾದ ಹೆಂಗಸರು ಮಾಡುವುದೂ ಅದನ್ನೇ. ಸಾರಿಗೆ ನೀರು ಹೆಚ್ಚು ಮಾಡಿಯಾದರೂ ನೆರೆಯವರಿಗೆ ಕೊಡಬೇಕೆಂದು ಕಲಿತಿರುವ ನಮಗೆ ಇದನ್ನು ಬೇರೆ ಹೇಳಬೇಕೇ?

ಗೆಳತಿಯ ಮನೆಯ ವಿಷಯ ಹೇಳುವುದು ಮರೆತೆ. ಕಳೆದ ವಾರ ಹೋಗಿದ್ದಾಗ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಪಾತ್ರೆಗಳಿದ್ದವು. ಒಂದರಲ್ಲಿ ಮರುದಿನದ ದೋಸೆ ಹಿಟ್ಟು. ಇನ್ನೊಂದು ಭರಣಿಯಲ್ಲಿ ಕೆಂಪಗಿನ ಎಲೆಕೋಸು. ಅಜ್ಜಿ ಮುಚ್ಚಳ ತೆರೆದು ಮೂಸಿ ನೋಡಿ ಮೊಮ್ಮಗಳಿಗೆ ಹೇಳುತ್ತಿದ್ದರು: “ಇನ್ನೂ ಹುಳಿ ಸಾಲದು ಬೇಟಿ, ನಾಳೆವರೆಗೂ ಹೊರಗೇ ಇರಲಿ.”